ನಾರಿನಕ್ಕ

ನಾನು ಹದಿನಾಲ್ಕು ವರ್ಷ ಮಾಡಿದ ಕೆಲಸಕ್ಕೆ ನಮ್ಮ ಬೀದಿಯಲ್ಲಿ ಹೆಸರಿರಲಿಲ್ಲ. ಮಗಳು ಏನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಅಮ್ಮ, ತಿಪಟೂರಿನಲ್ಲೇ ವಕೀಲರೊಬ್ಬರ ಆಫೀಸಿನಲ್ಲಿ ಟೈಪು ಮಾಡುತ್ತಾಳೆ ಎನ್ನುತ್ತಿದ್ದಳು. ಅದು ನಿಜವೇ. ವಾರದಲ್ಲಿ ಮೂರು ದಿನ ಟೈಪು ಮಾಡುತ್ತಿದ್ದೆ. ಉಳಿದ ದಿನ ಬಸ್ಸು ಹತ್ತಿ ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಊರುಗಳಿಗೆ ಹೋಗಿ, ಗುರುತಿಲ್ಲದವರ ಜಗಲಿಯ ಮೇಲೆ ಕುಳಿತು, ಇನ್ನೊಬ್ಬರ ಮನೆಯ ವಿಷಯ ತಿಳಿದುಕೊಂಡು ಬಂದು ಬರೆದುಕೊಡುತ್ತಿದ್ದೆ. ಪೊಲೀಸಿನವರಲ್ಲದೆ ಬೇರೆಯವರು, ಅದರಲ್ಲೂ ಹೆಂಗಸು, ಇಂಥ ಕೆಲಸ ಮಾಡಬಹುದು ಎಂದು ಆಗ ನಮ್ಮ ಕಡೆ ಯಾರಿಗೂ ತೋಚಿರಲಿಲ್ಲ. ನನಗೂ ತೋಚಿರಲಿಲ್ಲ.

ಅಪ್ಪ ಕೊಬ್ಬರಿ ಮಂಡಿಯಲ್ಲಿ ಕೊಬ್ಬರಿ ಆರಿಸಿ ಮೂಟೆ ಕಟ್ಟಿಸುವ ಕೆಲಸದಲ್ಲಿದ್ದರು. ನಾನು ಹೈಸ್ಕೂಲಿನಲ್ಲಿದ್ದಾಗ ಕ್ಷಯದಿಂದ ತೀರಿಕೊಂಡರು. ಈಗ ಅದನ್ನು ಒಂದು ಸಾಲಿನಲ್ಲಿ ಬರೆದುಬಿಟ್ಟೆ. ಆಗ ಆ ಪದವನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿದವರಲ್ಲ. ದಮ್ಮು ಎನ್ನುತ್ತಿದ್ದೆವು. ಅಮ್ಮ ಅವರ ತಟ್ಟೆ ಲೋಟ ಬೇರೆ ಇಟ್ಟಿದ್ದಳು. ಮನೆಗೆ ಯಾರಾದರೂ ಬಂದರೆ ಅವನ್ನು ಹಿತ್ತಲಿನ ಸೌದೆಯ ಹಿಂದಕ್ಕೆ ಸರಿಸುತ್ತಿದ್ದಳು. ಅಪ್ಪನಿಗೆ ಚುಚ್ಚುತ್ತಿದ್ದ ಇಂಜೆಕ್ಷನ್ನಿನ ಸಣ್ಣ ಗಾಜಿನ ಸೀಸೆಗಳಿಗೆ ರಬ್ಬರಿನ ಬಿರಡೆ ಇರುತ್ತಿತ್ತು. ನಾನು ಒಂದರಲ್ಲಿ ಶಾಯಿ ತುಂಬಿಕೊಂಡು ಶಾಲೆಗೆ ಒಯ್ದಿದ್ದೆ. ಅದು ಗೊತ್ತಾದ ದಿನ ಅಮ್ಮ ಉಳಿದ ಸೀಸೆಗಳನ್ನೆಲ್ಲ ಗೋಣಿಚೀಲದಲ್ಲಿ ಹಾಕಿ ಕಲ್ಲಿನಿಂದ ಜಜ್ಜಿ, ತಿಪ್ಪೆಯಲ್ಲಿ ಹೂತು ಬಂದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಪಕ್ಕದ ಮನೆಯವರಿಗೆ ಕೇಳಿಸುತ್ತಿತ್ತು.

ಎಸ್ಸೆಸ್ಸೆಲ್ಸಿ ಮುಗಿಸಿ, ಟೈಪಿಂಗ್ ಕಲಿತು, ವಕೀಲರ ಆಫೀಸಿಗೆ ಸೇರಿದೆ. ಅವರು ವಯಸ್ಸಾದವರು, ಕಡಿಮೆ ಮಾತಿನವರು. ಸೇರಿದ ಎರಡನೆಯ ವರ್ಷ ಅವರ ಬಳಿ ಒಬ್ಬ ಹೆಂಗಸು ಬಂದಳು. ಕೈಬಿಟ್ಟ ಗಂಡ ಜೀವನಾಂಶದ ಕೇಸಿನಲ್ಲಿ, ಇವಳನ್ನು ತಾನು ಮದುವೆಯೇ ಆಗಿಲ್ಲ ಎಂದು ಹೇಳಿಬಿಟ್ಟಿದ್ದ. ಸಾಕ್ಷಿ ಹುಡುಕಲು ವಕೀಲರ ಗುಮಾಸ್ತ ಆ ಊರಿಗೆ ಹೋಗಿ, ಹೋಟೆಲಿನಲ್ಲಿ ಎರಡು ಸಲ ಕಾಫಿ ಕುಡಿದು, ಯಾರೂ ಬಾಯಿ ಬಿಡುವುದಿಲ್ಲ ಎಂದು ವಾಪಸು ಬಂದ. ವಕೀಲರು ನನ್ನನ್ನು ಕರೆದು ನೀವೊಮ್ಮೆ ಹೋಗಿ ಬನ್ನಿ ಎಂದರು. ಹೋದೆ. ಹೆಂಗಸರು ಒಂದು ಮನೆಯ ಮುಂದೆ ಕುಳಿತು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರು. ನಾನೂ ಕೂತು ಬಿಡಿಸಿದೆ. ಸಂಜೆಯ ಬಸ್ಸು ಬರುವಷ್ಟರಲ್ಲಿ ಆ ಮದುವೆಯಲ್ಲಿ ಹೆಣ್ಣಿಗೆ ಬಳೆ ತೊಡಿಸಿದವರು ಯಾರು, ಅಡುಗೆಗೆ ನಿಂತವರು ಯಾರು, ಧಾರೆಯ ಹೊತ್ತಿಗೆ ಯಾರ ಮಗು ಅತ್ತಿತ್ತು ಎಲ್ಲ ನನಗೆ ಗೊತ್ತಾಗಿತ್ತು. ಮೂರು ಜನ ಕೋರ್ಟಿಗೆ ಬಂದು ಹೇಳಿದರು. ಆ ಹೆಂಗಸಿನ ಕಡೆಗೇ ತೀರ್ಪಾಯಿತು.

ಅದು ಹೇಗೋ ಬೆಂಗಳೂರಿನಲ್ಲಿದ್ದ ಒಬ್ಬ ನಿವೃತ್ತ ಪೊಲೀಸ್ ಇನ್ಸ್‌ಪೆಕ್ಟರಿಗೆ ಗೊತ್ತಾಯಿತು. ಅವರು ಅಲ್ಲಿ ಖಾಸಗಿಯಾಗಿ ವಿಚಾರಿಸಿಕೊಡುವ ಸಣ್ಣ ಕಚೇರಿ ಇಟ್ಟುಕೊಂಡಿದ್ದರು. ಹೆಚ್ಚಿನವು ಮದುವೆ ವಿಚಾರಗಳೇ. ಪಟ್ಟಣದವರು ನಮ್ಮ ಕಡೆಯ ತೋಟದ ಮನೆತನಗಳಲ್ಲಿ ಸಂಬಂಧ ಬೆಳೆಸುವ ಮುಂಚೆ ಹುಡುಗನೋ ಹುಡುಗಿಯೋ ಹೇಗೆ, ಮನೆಯವರು ಹೇಗೆ ಎಂದು ತಿಳಿಯಬೇಕಿತ್ತು. ವಕೀಲರ ಒಪ್ಪಿಗೆ ಪಡೆದು ಅವರು ನನ್ನನ್ನು ಸೇರಿಸಿಕೊಂಡರು. ಹೇಳಿಕೊಟ್ಟದ್ದು ಸ್ವಲ್ಪವೇ: ನೀನು ಯಾರು ಎಂದು ಹೇಳಬೇಡ, ಒಬ್ಬರ ಬಾಯಿಂದ ಮಾತ್ರ ಕೇಳಿದ್ದನ್ನು ಬರೆಯಬೇಡ, ಬರೆದದ್ದನ್ನು ನನಗಲ್ಲದೆ ಯಾರಿಗೂ ತೋರಿಸಬೇಡ.

ಯಾರು ಎಂದು ಹೇಳಬಾರದು ಎಂದಮೇಲೆ ಬೇರೆ ಯಾರಾದರೂ ಆಗಬೇಕಲ್ಲ. ನಾನು ತೆಂಗಿನ ನಾರಿನವಳಾದೆ. ಹೆಂಗಸರಿಗೆ ನಾರು ಹೊಸೆಯುವ, ಮ್ಯಾಟು ನೇಯುವ ತರಬೇತಿ ಶುರುವಾಗುತ್ತದೆ, ಸಹಕಾರ ಸಂಘದಿಂದ ಹೆಸರು ಬರೆದುಕೊಳ್ಳಲು ಬಂದಿದ್ದೇನೆ ಎನ್ನುತ್ತಿದ್ದೆ. ನಮ್ಮ ಕಡೆ ಪ್ರತಿ ಮನೆಯ ಹಿಂದೆಯೂ ಮಟ್ಟೆಯ ಗುಡ್ಡೆ ಇರುತ್ತದೆ. ಯಾರಿಗೂ ಅನುಮಾನ ಬರಲಿಲ್ಲ. ಹೆಸರು ಬರೆದುಕೊಳ್ಳುವ ನೆಪದಲ್ಲಿ ಮನೆಯಲ್ಲಿ ಎಷ್ಟು ಜನ, ಯಾರು ಎಲ್ಲಿದ್ದಾರೆ, ಪಕ್ಕದ ಮನೆಯವರು ಹೇಗೆ ಎಲ್ಲ ಕೇಳಬಹುದಿತ್ತು. ಎರಡು ವರ್ಷದಲ್ಲಿ ಮೂರು ನೋಟ್‌ಬುಕ್ ತುಂಬ ಹುಡುಗಿಯರ ಹೆಸರು ಬರೆದುಕೊಂಡೆ. ಅಂಥ ತರಬೇತಿ ಎಲ್ಲಿಯೂ ಇರಲಿಲ್ಲ. ಅದರ ಬಗ್ಗೆ ನಾನು ಆಗ ಹೆಚ್ಚು ಯೋಚಿಸಲಿಲ್ಲ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಮೂರನೆಯ ವರ್ಷ ಮಾಯಸಂದ್ರದ ಕಡೆಯ ಒಂದು ಹಳ್ಳಿಯ ಹುಡುಗಿಯ ವಿಚಾರ ಬಂತು. ಬೆಂಗಳೂರಿನಲ್ಲಿ ಕಾರ್ಖಾನೆಯೊಂದರ ಕೆಲಸದಲ್ಲಿದ್ದ ಹುಡುಗನ ಮನೆಯವರು ಕೇಳಿದ್ದರು. ಜಾತಕ ಕೂಡಿತ್ತು, ಹೆಣ್ಣು ನೋಡಿ ಒಪ್ಪಿದ್ದರು, ನಿಶ್ಚಿತಾರ್ಥಕ್ಕೆ ದಿನ ನೋಡುವ ಮುಂಚೆ ಒಂದು ಸಲ ವಿಚಾರಿಸಿಬಿಡೋಣ ಎಂದು ಅವರ ಆಸೆ. ಒಳ್ಳೆಯ ತೋಟ, ಎರಡು ಜೋಡಿ ಎತ್ತು, ಮರ್ಯಾದಸ್ಥ ಮನೆ. ಒಂದೇ ದಿನದಲ್ಲಿ ಮುಗಿಯುವ ಕೆಲಸ ಎಂದುಕೊಂಡು ಹೋದೆ.

ಊರಿನ ಹಿಟ್ಟಿನ ಮಿಲ್ಲಿನ ಮುಂದೆ ರಾಗಿಯ ಚೀಲ ಇಟ್ಟುಕೊಂಡು ಸರತಿಯಲ್ಲಿ ಕುಳಿತಿದ್ದ ಹೆಂಗಸೊಬ್ಬಳು ಎಲ್ಲ ಮನೆಗಳ ಹೆಣ್ಣುಮಕ್ಕಳ ಹೆಸರು ಬರೆಸಿದಳು. ಆ ಹುಡುಗಿಯ ಹೆಸರು ಬಂದಾಗ ಮಾತ್ರ ಸ್ವಲ್ಪ ತಡೆದು, ‘ಅವಳು ಬರಕಿಲ್ಲ ಬುಡಿ. ಮದ್ವೆ ಗೊತ್ತಾಯ್ತಾ ಐತೆ’ ಎಂದಳು. ಆಮೇಲೆ ದನಿ ತಗ್ಗಿಸಿದಳು. ‘ಹೋದ್ವರ್ಸ ಎಂಟು ತಿಂಗಳು ಸೋದರತ್ತೆ ಮನೇಲಿದ್ಲು. ಹಬ್ಬಕ್ಕೂ ಬರಲಿಲ್ಲ. ಮದ್ವೆಯಾಗದ ಹುಡುಗಿ ಎಂಟು ತಿಂಗಳು ಯಾಕಿರ್ತಾಳೆ, ನೀವೇ ಹೇಳಿ.’

ನಲ್ಲಿಯ ಹತ್ತಿರ ಇನ್ನಿಬ್ಬರು ಅದನ್ನೇ ಹೇಳಿದರು. ಯಾರೂ ಪೂರ್ತಿ ಹೇಳಲಿಲ್ಲ. ಎಂಟು ತಿಂಗಳು ಎಂದು ಮಾತ್ರ ಹೇಳಿ ನನ್ನ ಮುಖ ನೋಡುತ್ತಿದ್ದರು.

ಅತ್ತೆಯ ಊರು ಬೋರನಕಣಿವೆಯ ಹತ್ತಿರ. ಮಾರನೆಯ ವಾರ ಬೆಳಿಗ್ಗೆಯ ಬಸ್ಸಿಗೆ ಹೊರಟು, ಚಿಕ್ಕನಾಯಕನಹಳ್ಳಿಯಲ್ಲಿ ಬೇರೆ ಬಸ್ಸು ಹಿಡಿದು, ಹುಳಿಯಾರಿನಿಂದ ಸ್ವಲ್ಪ ದೂರ ಒಬ್ಬರ ಗಾಡಿಯಲ್ಲಿ, ಉಳಿದದ್ದು ನಡೆದು ಹೋದೆ. ಅಣೆಕಟ್ಟಿನ ನೀರು ಕಾಣುವ ಕಡೆಗೆ ಕೊನೆಯ ಮನೆ. ಆ ಅತ್ತೆಗೆ ಐವತ್ತು ದಾಟಿತ್ತು. ಗಂಡ ಇರಲಿಲ್ಲ, ಮಕ್ಕಳೂ ಇರಲಿಲ್ಲ. ನಾರಿನ ಮಾತು ಹೇಳುತ್ತಿದ್ದ ಹಾಗೇ ನನ್ನನ್ನು ಒಳಗೆ ಕರೆದು, ಬಿಸಿಲಲ್ಲಿ ಬಂದಿದ್ದೀಯ, ಮೊದಲು ಉಣ್ಣು ಎಂದು ಮುದ್ದೆ, ಹುರುಳಿಕಾಳಿನ ಸಾರು ಬಡಿಸಿದಳು. ಪಕ್ಕದ ಮನೆಯ ಹುಡುಗಿಯೊಬ್ಬಳನ್ನು ಕೂಗಿ ಕರೆದು, ಇವಳ ಹೆಸರು ಮೊದಲು ಬರಿಯಮ್ಮ, ತಾಯಿಯಿಲ್ಲದವಳು ಎಂದಳು. ಬರೆದುಕೊಂಡೆ.

ಉಣ್ಣುತ್ತಾ ಗೋಡೆಯ ಗೂಡಿನ ಕಡೆ ನೋಡಿದೆ. ಅರಿಶಿನ, ಕುಂಕುಮ, ಕಾಡಿಗೆ, ಎಲ್ಲ ಸಣ್ಣ ಸಣ್ಣ ಗಾಜಿನ ಸೀಸೆಗಳಲ್ಲಿದ್ದವು. ರಬ್ಬರಿನ ಬಿರಡೆ. ಐದೋ ಆರೋ ಇದ್ದವು. ಆ ಸೀಸೆ ಏನೆಂದು ಯಾರೂ ನನಗೆ ಹೇಳಿಕೊಡಬೇಕಾಗಿರಲಿಲ್ಲ.

ಊಟ ಮುಗಿಸಿ, ಆ ಸೀಸೆಗಳು ನಮ್ಮ ಮನೆಯಲ್ಲೂ ಇದ್ದವು ಎಂದೆ. ಅಷ್ಟೇ ಅಂದದ್ದು. ಆ ಅತ್ತೆ ಪಕ್ಕದ ಮನೆಯ ಹುಡುಗಿಯನ್ನು ಕಳಿಸಿ ಬಾಗಿಲು ಮುಂದೆ ಮಾಡಿ ಬಂದು, ಎಷ್ಟೋ ದಿನದಿಂದ ಯಾರಿಗಾದರೂ ಹೇಳಬೇಕು ಎಂದು ಕಾದಿದ್ದವಳಂತೆ ಎಲ್ಲವನ್ನೂ ಹೇಳಿದಳು. ಅಣ್ಣನ ಮಗಳಿಗೆ ಕೆಮ್ಮಿನಲ್ಲಿ ರಕ್ತ ಬಂತು. ಅಣ್ಣ ಹೆದರಿ, ಊರಿನಲ್ಲಿ ಗೊತ್ತಾದರೆ ಕೆಟ್ಟೆವು ಎಂದು ಇಲ್ಲಿಗೆ ತಂದು ಬಿಟ್ಟ. ಹತ್ತಿರದ ದೊಡ್ಡ ಊರಿನ ಆಸ್ಪತ್ರೆಗೆ ಮೊದಲು ದಿನವೂ, ಆಮೇಲೆ ವಾರಕ್ಕೆ ಎರಡು ಸಲ, ಇಬ್ಬರೂ ನಡೆದುಹೋಗಿ ಇಂಜೆಕ್ಷನ್ ಹಾಕಿಸಿಕೊಂಡು ಬಂದರು. ಹುಡುಗಿ ಬದುಕಿತು, ಮೈ ತುಂಬಿಕೊಂಡಿತು. ಈಗ ಮದುವೆ. ಹೇಳುತ್ತಾ ಆಕೆ ಅತ್ತಳು. ನೆಮ್ಮದಿಗೆ ಅತ್ತದ್ದು ಅದು.

ಆ ಆಸ್ಪತ್ರೆಗೂ ಹೋದೆ. ಅಲ್ಲಿನ ನರ್ಸಮ್ಮ ನೀವು ಯಾರು ಎಂದು ಕೇಳಿದರು. ನಾರಿನ ಕತೆ ಅಲ್ಲಿ ನಡೆಯುವಂತಿರಲಿಲ್ಲ. ವಕೀಲರ ಆಫೀಸಿನ ಕಾಗದ ತೋರಿಸಿ, ಮದುವೆ ವಿಚಾರ ಎಂದೆ. ಅವರು ಬಹಳ ಹೊತ್ತು ಯೋಚಿಸಿ, ಪೂರ್ತಿ ವಾಸಿಯಾಗಿದೆ, ಎಕ್ಸ್‌ರೇ ತೆಗೆಸಿ ನೋಡಿದ್ದೇವೆ, ಬರೆಯುವುದಾದರೆ ಅದನ್ನು ಸ್ಪಷ್ಟವಾಗಿ ಬರೆಯಿರಿ ಎಂದರು.

ಸ್ಪಷ್ಟವಾಗಿಯೇ ಬರೆದೆ. ಹುಡುಗಿಗೆ ಕ್ಷಯವಿತ್ತು, ಚಿಕಿತ್ಸೆಯಿಂದ ಪೂರ್ತಿ ಗುಣವಾಗಿದೆ, ಊರಿನಲ್ಲಿರುವ ಬೇರೆ ಮಾತು ಸುಳ್ಳು. ಟೈಪು ಮಾಡುವಾಗ ಮೊದಲ ಸಾಲನ್ನು ಬಿಟ್ಟುಬಿಡಬಹುದು ಎನ್ನಿಸಿತು. ಬಿಟ್ಟಿದ್ದರೆ ಎಂಟು ತಿಂಗಳಿಗೆ ಬೇರೆ ಕಾರಣ ಕೊಡಬೇಕಾಗುತ್ತಿತ್ತು. ಇದ್ದದ್ದನ್ನು ಇದ್ದ ಹಾಗೆ ಬರೆಯುವುದೇ ನನ್ನ ಕೆಲಸ ಎಂದು ಸಮಾಧಾನ ಮಾಡಿಕೊಂಡು ಅಂಚೆಗೆ ಹಾಕಿದೆ. ಆ ಸಂಬಂಧ ನಿಲ್ಲುವುದಿಲ್ಲ ಎಂದು ನನಗೆ ಗೊತ್ತಿತ್ತು. ಕ್ಷಯ ಎಂಬ ಪದ ಓದಿದ ಮೇಲೆ ಮುಂದಿನ ಸಾಲನ್ನು ಯಾರೂ ಓದುವುದಿಲ್ಲ ಎಂಬುದು ನಮ್ಮ ಮನೆಯಲ್ಲಿ ಬೆಳೆದ ನನಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು.

ನಾನು ಎಣಿಸದೆ ಇದ್ದದ್ದು ಬೇರೆ ಇತ್ತು. ಹುಡುಗನ ಕಡೆಯವರು ನಿಜವಾದ ಕಾರಣ ಹೇಳಲಿಲ್ಲ. ನೆಂಟಸ್ತಿಕೆ ತಂದಿದ್ದ ಬಂಧುವಿನ ಕೈಲಿ ಜಾತಕ ಕೂಡಲಿಲ್ಲ ಎಂದು ಹೇಳಿ ಕಳಿಸಿದರು. ಜಾತಕ ಕೂಡಿದ್ದು ಇಡೀ ಊರಿಗೆ ಗೊತ್ತಿತ್ತು. ಹಾಗಾದರೆ ಬೇರೆ ಏನೋ ಇದೆ, ಆ ಎಂಟು ತಿಂಗಳಿನದೇ ಇರಬೇಕು ಎಂದು ಊರು ತೀರ್ಮಾನ ಮಾಡಿತು. ಅಲ್ಲಿಯವರೆಗೆ ಅರ್ಧ ಮಾತಾಗಿದ್ದದ್ದು ಪೂರ್ತಿ ಮಾತಾಯಿತು.

ಇದೆಲ್ಲ ನನಗೆ ಗೊತ್ತಾದದ್ದು ನಾಲ್ಕು ತಿಂಗಳ ಮೇಲೆ, ಆ ಹುಡುಗಿಯೇ ಆಫೀಸಿಗೆ ಬಂದಾಗ.

ಬೆಳಿಗ್ಗೆ ಹನ್ನೊಂದರ ಹೊತ್ತು. ವಕೀಲರು ಕೋರ್ಟಿಗೆ ಹೋಗಿದ್ದರು. ತೆಳ್ಳಗೆ ಎತ್ತರದ ಹುಡುಗಿ, ಇಪ್ಪತ್ತೊಂದೋ ಇಪ್ಪತ್ತೆರಡೋ ಇರಬೇಕು, ಬಂದು ಮೇಜಿನ ಮುಂದೆ ನಿಂತಳು. ಅವಳಪ್ಪ ಒಳಗೆ ಬರದೆ ರಸ್ತೆಯ ಆಚೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ನಾನು ಅವಳನ್ನು ನೋಡಿರಲೇ ಇಲ್ಲ. ಅವಳ ಬಗ್ಗೆ ಎರಡು ಪುಟ ಬರೆದಿದ್ದೆ, ಮುಖ ನೋಡಿರಲಿಲ್ಲ.

‘ನಾರಿನಕ್ಕ ಅಂದ್ರೆ ನೀವೇನಾ?’ ಎಂದು ಕೇಳಿದಳು.

ಹೌದು ಎಂದೆ. ಕೂರಲು ಹೇಳಿದೆ. ಕೂರಲಿಲ್ಲ. ಸಂಬಂಧ ಮುರಿದ ಮೇಲೆ ಅವಳತ್ತೆ ಯಾರೋ ಹೆಂಗಸು ಬಂದು ಉಂಡು ಹೋದದ್ದನ್ನು ನೆನೆದು ಹೇಳಿದಳಂತೆ. ಇವಳು ತಿಪಟೂರಿನ ಸಹಕಾರ ಸಂಘಗಳಲ್ಲೆಲ್ಲ ಕೇಳಿದಳಂತೆ. ನಾರಿನ ತರಬೇತಿ ಎಲ್ಲೂ ಇರಲಿಲ್ಲ. ಕೊನೆಗೆ ಆಸ್ಪತ್ರೆಗೆ ಹೋದಾಗ ನರ್ಸಮ್ಮ ಯಾರೋ ವಕೀಲರ ಕಾಗದ ತಂದಿದ್ದರು ಎಂದರಂತೆ. ಹೀಗೆ ಒಂದೊಂದೇ ಕೇಳುತ್ತಾ ಅವಳು ನನ್ನನ್ನು ಹುಡುಕಿಕೊಂಡು ಬಂದಿದ್ದಳು. ನಾನು ಮಾಡುವ ಕೆಲಸವನ್ನು ಅವಳು ನನಗಿಂತ ಚೆನ್ನಾಗಿ ಮಾಡಿದ್ದಳು.

‘ನಮ್ಮತ್ತೆ ಪಕ್ಕದ್ಮನೆ ಹುಡುಗಿ ಇನ್ನೂ ಕೇಳ್ತಾಳೆ, ನಾರಿನಕ್ಕ ಯಾವಾಗ ಬತ್ತಾರೆ ಅಂತ’ ಎಂದಳು. ಕೂಗಾಡಲಿಲ್ಲ. ಆಮೇಲೆ ಕೇಳಿದಳು: ‘ನನ್ನ ಬಗ್ಗೆ ನೀವು ಏನು ಬರೆದ್ರಿ? ನಂಗೆ ಅದೊಂದು ಗೊತ್ತಾಗ್ಬೇಕು.’

ಬರೆದದ್ದನ್ನು ಯಾರಿಗೂ ಹೇಳಬಾರದು ಎಂಬುದು ನಿಯಮ. ನಾನು ಹೇಳಿದೆ. ಕಾಯಿಲೆಯ ಆ ಮೂರೂ ಸಾಲು ಇದ್ದ ಹಾಗೇ ಹೇಳಿದೆ. ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು. ಇನ್ನೂ ಕೆಟ್ಟದ್ದನ್ನು ಬರೆದಿದ್ದೇನೆ ಎಂದು ತಿಳಿದು ಬಂದಿದ್ದಳು ಎಂದು ಆಗ ಗೊತ್ತಾಯಿತು.

‘ಹಂಗಾದ್ರೆ ಬಂದು ನಮ್ಮೂರಲ್ಲಿ ಹೇಳಿ’ ಎಂದಳು. ‘ನಲ್ಲಿ ಹತ್ರ ಹೋದ್ರೆ ಮಾತು ನಿಲ್ಲಿಸ್ತಾರೆ. ನಮ್ಮಮ್ಮ ಆಚೆ ಹೋಗೋದೇ ಬುಟ್ಟವ್ಳೆ.’

ಹೊರಗೆ ನಿಂತಿದ್ದ ಅಪ್ಪನನ್ನು ನಾನೇ ಹೋಗಿ ಕರೆತಂದೆ. ಅವರಿಗೆ ಇದು ಬೇಕಿರಲಿಲ್ಲ. ಊರಿನವರು ಆಡುವ ಮಾತು ನಾಲ್ಕು ದಿನಕ್ಕೆ ಸವೆಯುತ್ತದೆ, ಕ್ಷಯ ಎಂದು ನಾವೇ ಡಂಗುರ ಹೊಡೆದರೆ ಮನೆಯ ಹೊಸಿಲು ತುಳಿಯುವವರು ಯಾರು, ಕಿರಿಯವಳಿಗೆ ಗಂಡು ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಅವರ ಹೆದರಿಕೆ ಸುಳ್ಳಾಗಿರಲಿಲ್ಲ. ನನ್ನ ಅಮ್ಮ ಹತ್ತು ವರ್ಷ ಹೆದರಿದ್ದೂ ಅದಕ್ಕೇ.

ಮಗಳು ಅಪ್ಪನ ಕಡೆ ತಿರುಗಿ, ‘ಕಾಯಿಲೆ ನಂದು ಕಣಪ್ಪ. ಬಂದಿತ್ತು, ಹೋಯ್ತು. ಅದನ್ನ ಹೇಳ್ಕಂತೀನಿ. ನಾನು ಮಾಡದೆ ಇರೋದನ್ನ ಯಾಕೆ ಹೊತ್ಕಂಡಿರಲಿ?’ ಎಂದಳು. ಅವರು ಟೋಪಿ ಹಾಕಿಕೊಂಡು ಹೊರಗೆ ಹೋಗಿ ಮತ್ತೆ ರಸ್ತೆಯ ಆಚೆಗೆ ನಿಂತುಕೊಂಡರು.

ಬೆಂಗಳೂರಿನ ಇನ್ಸ್‌ಪೆಕ್ಟರಿಗೆ ಕಾಗದ ಬರೆದು ಅನುಮತಿ ಕೇಳಿದೆ. ಕೂಡದು ಎಂದು ಉತ್ತರ ಬಂತು. ಹಾಗೆ ಶುರುಮಾಡಿದರೆ ಇನ್ನು ಮುಂದೆ ನಮ್ಮ ಹತ್ತಿರ ಯಾರು ಬರುತ್ತಾರೆ ಎಂದು ಕೇಳಿದ್ದರು. ಅವರ ಮಟ್ಟಿಗೆ ಅದು ಸರಿಯೇ. ವಕೀಲರನ್ನು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, ಆಸ್ಪತ್ರೆಯ ಚೀಟಿ ಆ ಹುಡುಗಿಯದು, ಅದನ್ನು ಅವಳು ಯಾರಿಗಾದರೂ ತೋರಿಸಬಹುದು, ವರದಿ ಮಾತ್ರ ನಿಮ್ಮದಲ್ಲ, ಅದನ್ನು ಕೊಡಬೇಡಿ ಎಂದರು. ನಾನು ಅಲ್ಲಿಗೆ ಹೋಗಬಹುದೇ ಎಂದು ಕೇಳಿದೆ. ‘ಬಾಯಿ ನಿಮ್ಮದೇ’ ಎಂದು ಹೇಳಿ ಫೈಲು ತೆರೆದುಕೊಂಡರು.

ಗೌರಿ ಹಬ್ಬದ ಮಧ್ಯಾಹ್ನ ಆ ಹುಡುಗಿ ಊರಿನ ಮನೆಮನೆಗೂ ತಾನೇ ಹೋಗಿ ಅರಿಶಿನ ಕುಂಕುಮಕ್ಕೆ ಕರೆದಳು. ಕರೆದ ಮೇಲೆ ಬಾರದೆ ಇರುವ ಹಾಗಿಲ್ಲ. ಇಪ್ಪತ್ತೈದು ಮೂವತ್ತು ಹೆಂಗಸರು ಬಂದರು. ಅವಳಪ್ಪ ತೋಟದಲ್ಲಿ ಕೆಲಸವಿದೆ ಎಂದು ಬೆಳಿಗ್ಗೆಯೇ ಹೋದವರು ಸಂಜೆಯವರೆಗೆ ಬರಲಿಲ್ಲ. ನರ್ಸಮ್ಮ ಬಂದಿದ್ದರು, ಅವರನ್ನೂ ಹುಡುಗಿಯೇ ಹೋಗಿ ಕರೆದಿದ್ದಳು. ನಡುಮನೆಯಲ್ಲಿ ಚಾಪೆ ಹಾಸಿತ್ತು. ಹಿಟ್ಟಿನ ಮಿಲ್ಲಿನ ಮುಂದೆ ಹೆಸರು ಬರೆಸಿದ್ದ ಹೆಂಗಸು ನನ್ನನ್ನು ಕಂಡು ಮುಖ ಅರಳಿಸಿ, ತರಬೇತಿ ಯಾವಾಗ ಎಂದು ಕೇಳಿದಳು.

ಎದ್ದು ನಿಂತು ಹೇಳಿದೆ. ನಾನು ನಾರಿನವಳಲ್ಲ, ಗಂಡಿನ ಕಡೆಯವರ ಪರವಾಗಿ ವಿಚಾರಿಸಲು ಬಂದಿದ್ದವಳು. ನಿಮ್ಮ ಹತ್ತಿರ ಸುಳ್ಳು ಹೇಳಿ ಮಾತಾಡಿಸಿದೆ. ಈ ಹುಡುಗಿಯ ಅತ್ತೆಯ ಮನೆಗೂ ಹೋಗಿದ್ದೆ. ಅಲ್ಲಿ ಇವಳು ಇದ್ದದ್ದು ಕ್ಷಯಕ್ಕೆ ಇಂಜೆಕ್ಷನ್ ತೆಗೆದುಕೊಳ್ಳಲು. ಸಂಬಂಧ ಮುರಿದದ್ದು ಜಾತಕದಿಂದಲ್ಲ, ನೀವು ಅಂದುಕೊಂಡದ್ದರಿಂದಲೂ ಅಲ್ಲ, ನಾನು ಬರೆದ ಕಾಯಿಲೆಯ ಮಾತಿನಿಂದ. ನಾನು ಕಲಿತು ಹೋಗಿದ್ದ ಮಾತು ಇಷ್ಟೇ. ನರ್ಸಮ್ಮ ಆಸ್ಪತ್ರೆಯ ಚೀಟಿ ಓದಿ, ತಾರೀಖುಗಳನ್ನು ಹೇಳಿ, ಈಗ ಇವಳಿಂದ ಯಾರಿಗೂ ಏನೂ ಅಂಟುವುದಿಲ್ಲ ಎಂದರು.

ಗೋಡೆಯ ಪಕ್ಕ ಕಾಲು ಚಾಚಿ ಕುಳಿತಿದ್ದ ಬಹಳ ವಯಸ್ಸಾದ ಅಜ್ಜಿಯೊಬ್ಬಳು ನನ್ನ ಕಡೆ ಬೊಟ್ಟು ಮಾಡಿದಳು.

‘ಆವತ್ತು ನಾರು ಅಂದೆ. ಇವತ್ತು ಕಾಯಿಲೆ ಅಂತೀಯ. ಇವರ ಹತ್ರ ಏನಾದ್ರೂ ಇಸ್ಕಂಡು ಹೇಳ್ತಿಲ್ಲ ಅಂತ ನಾವು ಹೆಂಗೆ ನಂಬಾನ, ಹೇಳವ್ವ.’

ಅಜ್ಜಿ ಕೇಳಿದ್ದು ಸರಿಯಾಗಿತ್ತು. ಒಂದು ಸಲ ಸುಳ್ಳು ಹೇಳಿ ಒಳಗೆ ಬಂದವಳ ನಿಜವನ್ನು ಯಾಕೆ ನಂಬಬೇಕು? ಹುಡುಗಿ ಕುಂಕುಮದ ಬಟ್ಟಲು ಹಿಡಿದು ನನ್ನನ್ನೇ ನೋಡುತ್ತಾ ನಿಂತಿದ್ದಳು. ಅವಳ ತಾಯಿ ಅಡುಗೆಮನೆಯ ಬಾಗಿಲಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಆಗ ನಾನು ಹೇಳಬೇಕೆಂದು ಅಂದುಕೊಂಡಿರದ ಮಾತು ಹೇಳಿದೆ. ನನ್ನ ಅಪ್ಪ ಸತ್ತದ್ದು ಇದೇ ಕಾಯಿಲೆಯಿಂದ, ನಾವು ಅದನ್ನು ದಮ್ಮು ಎಂದು ಹೇಳಿಕೊಂಡು ಬಂದಿದ್ದೇವೆ, ಇವತ್ತಿನವರೆಗೆ ನಾನು ಯಾರಿಗೂ ಹೇಳಿಲ್ಲ, ಮದುವೆಗೆ ಕೇಳಲು ಬಂದವರಿಗೂ ಹೇಳಿಲ್ಲ. ಸೀಸೆಗಳನ್ನು ಅಮ್ಮ ಜಜ್ಜಿದ್ದನ್ನೂ ಹೇಳಿದೆ. ಅಪ್ಪನ ತಟ್ಟೆ ಲೋಟದ ಮಾತು ಬಂದಾಗ ಇನ್ನೊಂದು ಕಣ್ಣ ಮುಂದೆ ಬಂತು. ಅಪ್ಪ ಕೊನೆಯ ದಿನಗಳಲ್ಲಿ ಬಾಗಿಲ ಸದ್ದಾದರೆ ತಾವೇ ಎದ್ದು ಆ ತಟ್ಟೆಯನ್ನು ಒಯ್ದು ಬಚ್ಚಿಡುತ್ತಿದ್ದರು. ಅದು ನನಗೆ ಅಷ್ಟು ವರ್ಷ ನೆನಪೇ ಇರಲಿಲ್ಲ.

ಅಜ್ಜಿ ಚಾಚಿದ್ದ ಕಾಲು ಮಡಿಸಿ ಪಕ್ಕದಲ್ಲಿ ಜಾಗ ಮಾಡಿದಳು. ‘ಕುತ್ಕಳವ್ವ’ ಎಂದಳು. ಆಮೇಲೆ ಹುಡುಗಿಯನ್ನು ಹತ್ತಿರ ಕರೆದು ಹಣೆಯೊಡ್ಡಿ, ‘ಇಡು’ ಎಂದಳು.

ಎಲ್ಲ ಸರಿಹೋಯಿತು ಎಂದು ಹೇಳಲಾರೆ. ಏಳೆಂಟು ಹೆಂಗಸರು ಕುಂಕುಮ ಇಡಿಸಿಕೊಂಡರೂ ಪಾನಕ ಮುಟ್ಟದೆ ಎದ್ದು ಹೋದರು. ಹಿಟ್ಟಿನ ಮಿಲ್ಲಿನ ಹೆಂಗಸು ನನ್ನನ್ನು ಮತ್ತೆ ಮಾತಾಡಿಸಲಿಲ್ಲ. ಹುಡುಗಿಯ ಬಳಿಯೂ ತಪ್ಪಾಯಿತು ಎನ್ನಲಿಲ್ಲ. ಆದರೆ ಪಾನಕ ಕುಡಿದವರೂ ಇದ್ದರು. ಇಬ್ಬರು ಮೂವರು ನರ್ಸಮ್ಮನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಬಹಳ ಹೊತ್ತು ಏನೋ ಕೇಳಿದರು. ತಮ್ಮ ಮನೆಯಲ್ಲಿ ಕೆಮ್ಮುತ್ತಿದ್ದವರ ವಿಷಯ ಎಂದು ನರ್ಸಮ್ಮ ಬಸ್ಸಿನಲ್ಲಿ ಹೇಳಿದರು.

ತಿಪಟೂರಿಗೆ ಬಂದವಳು ಅಮ್ಮನಿಗೆ ಎಲ್ಲ ಹೇಳಿದೆ. ಬೇರೆಯವರ ಬಾಯಿಂದ ತಿಳಿಯುವುದಕ್ಕಿಂತ ನಾನೇ ಹೇಳುವುದು ಮೇಲು ಎನ್ನಿಸಿತು. ಅಮ್ಮ ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ‘ಅವರು ಹೋಗಿ ಇಷ್ಟು ವರ್ಷ ಆಯ್ತು. ಅವರ ಮಾನ ಕಾಪಾಡಿಕೊಂಡು ಬಂದಿದ್ದೆ’ ಎಂದಳು. ಆಮೇಲೆ ಹೆಚ್ಚುಕಮ್ಮಿ ಒಂದು ತಿಂಗಳು ಊಟಕ್ಕೆ ಬಾ ಎನ್ನುವುದನ್ನು ಬಿಟ್ಟು ನನ್ನ ಹತ್ತಿರ ಬೇರೆ ಮಾತಾಡಲಿಲ್ಲ. ನಾನು ಮಾಡಿದ್ದು ಅವಳ ಹತ್ತು ವರ್ಷದ ಕಷ್ಟವನ್ನು ಒಂದೇ ಮಧ್ಯಾಹ್ನದಲ್ಲಿ ಬಿಟ್ಟುಕೊಟ್ಟ ಹಾಗೆ ಅವಳಿಗೆ ಅನ್ನಿಸಿತ್ತು. ಅವಳ ಕಡೆಯಿಂದ ನೋಡಿದರೆ ಅದೂ ನಿಜ.

ಬೆಂಗಳೂರಿನಿಂದ ಎರಡು ಸಾಲಿನ ಕಾಗದ ಬಂತು. ಇನ್ನು ಮುಂದೆ ನಿಮಗೆ ಕೆಲಸ ಕಳಿಸುವುದಿಲ್ಲ. ಅದನ್ನು ನಿರೀಕ್ಷಿಸಿದ್ದೆ.

ಬೋರನಕಣಿವೆಗೂ ಹೋಗಿ ಬಂದೆ. ಆ ಅತ್ತೆ ಜಗಲಿಯ ಮೇಲೆ ಕುಳಿತು ಅವರೆಕಾಯಿ ಬಿಡಿಸುತ್ತಿದ್ದಳು. ನಾನು ನಿಂತುಕೊಂಡೇ, ನಿಮ್ಮ ಮನೆಯಲ್ಲಿ ಉಂಡು ಹೀಗೆ ಮಾಡಿದೆ, ತಪ್ಪಾಯಿತು ಎಂದೆ. ಆಕೆ ಒಳಗೆ ಹೋಗಿ ಒಂದು ಚೊಂಬು ನೀರು ತಂದು ಜಗಲಿಯ ಅಂಚಿಗಿಟ್ಟಳು. ಒಳಗೆ ಕರೆಯಲಿಲ್ಲ. ನೀರು ಕುಡಿದೆ. ಪಕ್ಕದ ಮನೆಯ ಹುಡುಗಿಗೆ ತರಬೇತಿಯ ಸುಳ್ಳನ್ನು ನಾನೇ ಹೇಳಬೇಕು ಎಂದಾಗ, ‘ಅವಳಿಗೆ ಹೇಳಾಯ್ತು, ನೀನು ಹೋಗು’ ಎಂದಳು. ಬರುವಾಗ ದಾರಿಯುದ್ದಕ್ಕೂ ನನ್ನ ನೋಟ್‌ಬುಕ್ಕಿನ ಹೆಸರುಗಳ ಲೆಕ್ಕವೇ ತಲೆಯಲ್ಲಿ ತಿರುಗುತ್ತಿತ್ತು. ಅಷ್ಟೂ ಊರಿಗೆ ಹೋಗಿ ಹೇಳಿ ಬರಲು ನನ್ನಿಂದ ಆಗಲಿಲ್ಲ. ಏಳು ಊರಿಗೆ ಹೋದೆ. ಆಮೇಲೆ ನಿಲ್ಲಿಸಿಬಿಟ್ಟೆ.

ಆ ಹುಡುಗಿಗೆ ನಾಲ್ಕು ವರ್ಷ ಸಂಬಂಧ ಕೂಡಿಬರಲಿಲ್ಲ. ಬಂದ ಎರಡು ಸಂಬಂಧಗಳೂ ಕಾಯಿಲೆಯ ಮಾತು ಕೇಳಿ ಹಿಂದೆ ಹೋದವು. ಮೊದಲು ಅವಳ ತಂಗಿಗೆ ಮದುವೆಯಾಯಿತು. ನರ್ಸಮ್ಮನ ಒತ್ತಾಯಕ್ಕೆ ಇವಳು ಆಸ್ಪತ್ರೆಯ ಕೆಲಸಕ್ಕೆ ಸೇರಿ, ಹಳ್ಳಿಗಳಲ್ಲಿ ಔಷಧಿ ನಡುವೆ ಬಿಟ್ಟವರ ಮನೆಗೆ ಹೋಗಿ ಗುಳಿಗೆ ನುಂಗಿಸಿ ಬರುತ್ತಿದ್ದಳು. ಅಲ್ಲಿಯೇ ಪರಿಚಯವಾದ ತುರುವೇಕೆರೆ ಕಡೆಯ ಮೇಷ್ಟ್ರೊಬ್ಬರು ಅವಳನ್ನು ಮದುವೆಗೆ ಕೇಳಿದರು. ಅವರ ತಾಯಿಗೆ ಅವಳೇ ಔಷಧಿ ಕೊಟ್ಟಿದ್ದಳು. ಮದುವೆಯ ಪತ್ರಿಕೆ ನನಗೂ ಬಂತು. ಹೋಗಲಿಲ್ಲ. ಹೋದರೆ ಅಲ್ಲಿ ಅವಳ ಅತ್ತೆಯನ್ನು ಎದುರಿಸಬೇಕಿತ್ತು.

ನನ್ನ ಕೆಲಸ ಅಲ್ಲಿಗೆ ಮುಗಿಯಿತು ಎಂದೇ ತಿಳಿದಿದ್ದೆ. ಮುಗಿಯಲಿಲ್ಲ. ಗೌರಿ ಹಬ್ಬದ ಮಾತು ಬಸ್ಸಿನಲ್ಲಿ, ಸಂತೆಯಲ್ಲಿ ಹರಡಿತ್ತು. ಹೆಂಗಸರು ತಾವಾಗಿ ಬರತೊಡಗಿದರು. ಮಗಳನ್ನು ಕೊಡಬೇಕೆಂದಿದ್ದ ಮನೆ ಹೇಗೆ ಎಂದು ಕೇಳಲು ತಾಯಂದಿರು, ಬೆಂಗಳೂರಿಗೆ ಹೋದ ಗಂಡ ಎಲ್ಲಿದ್ದಾನೆ ಎಂದು ಕೇಳಲು ಹೆಂಡತಿಯರು. ವಕೀಲರು ಮುಂದಿನ ಕೋಣೆಯಲ್ಲಿ ನನಗೊಂದು ಬೇರೆ ಮೇಜು ಹಾಕಿಸಿಕೊಟ್ಟರು. ಬೋರ್ಡು ಹಾಕಲಿಲ್ಲ. ಎಂಬತ್ತರ ದಶಕದ ಕೊನೆಯವರೆಗೂ ಆ ಮೇಜಿನಲ್ಲೇ ಕೂತೆ.

ಆಮೇಲೆ ಎಲ್ಲಿ ಹೋದರೂ ಬಾಗಿಲಲ್ಲೇ ನಾನು ಯಾರು, ಯಾಕೆ ಬಂದೆ ಎಂದು ಹೇಳುತ್ತಿದ್ದೆ. ಇದರಿಂದ ಕೆಲಸ ನಿಧಾನವಾಯಿತು. ಎಷ್ಟೋ ಮನೆಗಳಲ್ಲಿ ಬಾಗಿಲು ಹಾಕಿಕೊಂಡರು, ಕೆಲವು ಕಡೆ ಬೈಸಿಕೊಂಡೆ, ಒಂದು ಊರಿನಲ್ಲಿ ನಾಯಿ ಬಿಟ್ಟರು. ನಾನು ತಿಳಿಯಲಾರದೆ ಹೋದ ಸಂಗತಿಗಳೂ ಇವೆ, ಅದರಿಂದ ತೊಂದರೆಯಾದವರೂ ಇದ್ದಾರೆ. ಸುಳ್ಳು ಹೇಳಿ ಹೋಗಿದ್ದರೆ ತಿಳಿಯುತ್ತಿತ್ತೇನೋ ಎಂದು ಆಗಾಗ ಅನ್ನಿಸುತ್ತಿತ್ತು. ಅದಕ್ಕೆ ಉತ್ತರ ಈಗಲೂ ಸಿಕ್ಕಿಲ್ಲ.

ನಿಲ್ಲಿಸುವ ಮುಂಚಿನ ಕೊನೆಯ ವಿಚಾರಣೆ ತುರುವೇಕೆರೆಯ ಆಚೆಯ ಒಂದು ತೋಟದ ಮನೆಯಲ್ಲಿ. ಹುಡುಗನ ತಾಯಿ ಅಂಗಳದಲ್ಲಿ ಮೆಣಸಿನಕಾಯಿ ಒಣಗಹಾಕುತ್ತಿದ್ದಳು. ನಿಮ್ಮ ಮಗನಿಗೆ ಹೆಣ್ಣು ಕೊಡಬೇಕೆಂದಿರುವವರ ಕಡೆಯಿಂದ ಬಂದಿದ್ದೇನೆ, ನಿಮ್ಮ ಮನೆಯ ಬಗ್ಗೆ ನಿಮ್ಮನ್ನೂ ಕೇಳುತ್ತೇನೆ, ಅಕ್ಕಪಕ್ಕದವರನ್ನೂ ಕೇಳುತ್ತೇನೆ ಎಂದೆ. ಆಕೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ‘ಒಳಗೆ ಬರಬೇಡಿ, ಅಲ್ಲೇ ನಿಂತ್ಕಂಡು ಕೇಳಿ’ ಎಂದಳು.

ಅಲ್ಲೇ ನಿಂತುಕೊಂಡು ಕೇಳಿದೆ. ಒಂದು ಗಂಟೆಯ ಹೊತ್ತು, ಮೆಣಸಿನಕಾಯಿ ಹರವುತ್ತಲೇ, ಆಕೆ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು.